ಅಮ್ಮನ ವಾರ

“ಕಾಲು ಸಡಿಲ ಬಿಡಮ್ಮ, ಸಡಿಲ,” ಎಂದು ಡಾಕ್ಟರ್ ವೆಂಕಟರಮಣಪ್ಪ ಮತ್ತೊಮ್ಮೆ ಸುತ್ತಿಗೆ ಎತ್ತಿದ.

ಬೆಂಚಿನ ಮೇಲೆ ಕೂತಿದ್ದ ಮುನಿಗಂಗಮ್ಮ ಕಾಲನ್ನು ಇನ್ನಷ್ಟು ಬಿಗಿ ಹಿಡಿದಳು. ಸುತ್ತಿಗೆ ಮಂಡಿಗೆ ತಗುಲಿತು. ಕಾಲು ನೆಟ್ಟ ಗೂಟದ ಹಾಗೆ ಇದ್ದಲ್ಲೇ ಇತ್ತು. ಸುತ್ತಿಗೆಯೂ ಅಂಥ ಸುತ್ತಿಗೆಯೇನಲ್ಲ. ಮೊಳೆ ಹೊಡೆಯುವುದರ ತಲೆಗೆ ಹತ್ತಿ ಸುತ್ತಿ, ಬ್ಯಾಂಡೇಜು ಬಿಗಿದು, ಅದನ್ನು ಆ ದಿನ ಬೆಳಿಗ್ಗೆಯಷ್ಟೇ ವೈದ್ಯಶಾಸ್ತ್ರಕ್ಕೆ ಸೇರಿಸಲಾಗಿತ್ತು.

“ಅಮ್ಮ ಮೈಮೇಲೆ ಬರ್ತಾಳೆ ಸ್ವಾಮಿ, ಮಂಡಿ ಮೇಲಲ್ಲ,” ಎಂದ ಅವಳ ಗಂಡ ಸೊಣ್ಣಪ್ಪ, ಆಸ್ಪತ್ರೆಯ ಜಗಲಿಯ ಕೆಳಗಿನಿಂದ.

“ನೀನು ಸುಮ್ನಿರಪ್ಪ.”

“ಸುಮ್ನೇ ಇವ್ನಿ ಬುದ್ಧೀ. ಅಮ್ಮಂಗೆ ಪೆಟ್ಟಾದ್ರೆ ಊರಿಗೆ ಒಳ್ಳೇದಲ್ಲ ಅಂದೆ, ಅಷ್ಟೇಯ.”

ಯುದ್ಧದ ಕಾಲ. ರೈತರು ಸರ್ಕಾರಕ್ಕೆ ಕೊಡಲೇಬೇಕಾದ ರಾಗಿಯ ಪಾಲು, ಅಂದರೆ ಲೆವಿ, ಎತ್ತಲು ಶೇಕ್ದಾರ ಚಿಕ್ಕಬೀರಪ್ಪ ತ್ಯಾಮಗೊಂಡ್ಲು ಸುತ್ತಿನ ಹಳ್ಳಿಗಳಲ್ಲಿ ಮನೆಮನೆ ಹೊಕ್ಕು ಬರುತ್ತಿದ್ದ. ಹಿಂದಿನ ವಾರ ಬುಧವಾರ ಮುನಿಗಂಗಮ್ಮನ ಅಡುಗೆಮನೆಗೆ ನುಗ್ಗಿ ಗುಡಾಣದೊಳಗೆ ಮೊಳಕೈವರೆಗೂ ಕೈ ಇಳಿಸಿದ. ಅದು ಬಿತ್ತನೆಗೆಂದು ಎತ್ತಿಟ್ಟಿದ್ದ ರಾಗಿ. ಮರುಗಳಿಗೆಯಲ್ಲಿ ಅವನ ರುಮಾಲು ಒಲೆಯ ಬೂದಿಯಲ್ಲಿ ಬಿದ್ದಿತ್ತು, ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು. ಸರ್ಕಾರಿ ನೌಕರನ ಮೇಲೆ ಕೈಮಾಡಿದಳೆಂದು ಮೊಕದ್ದಮೆಯಾಯಿತು. ಹೊಡೆದದ್ದು ಈಕೆಯಲ್ಲ, ಈಕೆಯ ಮೈಮೇಲೆ ಬಂದಿದ್ದ ಊರದೇವತೆ ಪಟಾಲಮ್ಮ ಎಂದು ವಕೀಲರು ವಾದಿಸಿದರು. ಪಟಾಲಮ್ಮನಿಗೆ ಸಮನ್ಸು ಕಳಿಸುವ ದಾರಿ ಕಾಣದೆ ಮ್ಯಾಜಿಸ್ಟ್ರೇಟರು ಹತ್ತಿರದ ಡಾಕ್ಟರನ್ನು ಕೇಳಿದರು: ಹೊಡೆಯುವ ಹೊತ್ತಿಗೆ ಈ ಹೆಂಗಸಿನ ಬುದ್ಧಿ ಅವಳ ಸ್ವಾಧೀನದಲ್ಲಿತ್ತೇ? ಪರೀಕ್ಷಿಸಿ, ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ವರದಿ ಕಳಿಸತಕ್ಕದ್ದು.

ಇತ್ತು ಎಂದರೆ ಜೈಲು. ಇರಲಿಲ್ಲ ಎಂದರೆ ಬೆಂಗಳೂರಿನ ಹುಚ್ಚಾಸ್ಪತ್ರೆ.

ಕಜ್ಜಿ, ಕೆಮ್ಮು, ಮಲೇರಿಯಾ ಬಿಟ್ಟು ಬೇರೇನನ್ನೂ ಕಾಣದ ಆ ಆಸ್ಪತ್ರೆಯಲ್ಲಿ ವೆಂಕಟರಮಣಪ್ಪ ವರ್ಷಗಳಿಂದ ಇಂಥದ್ದಕ್ಕೇ ಕಾದಿದ್ದ. ಬೆಂಗಳೂರು ದಂಡಿನ ಹಳೇ ಪುಸ್ತಕದಂಗಡಿಯಿಂದ ತಂದ ಮನಶ್ಶಾಸ್ತ್ರದ ದಪ್ಪ ಪುಸ್ತಕವೊಂದು ಅವನ ದಿಂಬಿನ ಪಕ್ಕದಲ್ಲೇ ಮಲಗುತ್ತಿತ್ತು. ಒಂದು ಒಳ್ಳೆಯ ವರದಿ, ದೊಡ್ಡವರ ಕಣ್ಣಿಗೊಮ್ಮೆ ಬಿದ್ದರೆ ಸಾಕು, ಬೆಂಗಳೂರಿಗೆ ವರ್ಗವಾದೀತು. ಈ ಲೆಕ್ಕಾಚಾರದಲ್ಲಿ ಬೆಂಚಿನ ಮೇಲೆ ಕೂತಿದ್ದವಳು ಯಾವ ಕಡೆ ಹೋಗುತ್ತಾಳೆಂಬುದು ಅವನಿಗೆ ಅಷ್ಟಾಗಿ ಮುಖ್ಯವಾಗಿರಲಿಲ್ಲ.

“ಇವತ್ತು ಯಾವ ತಾರೀಖಮ್ಮ?”

“ತಾರೀಖು ನಂಗೊತ್ತಿಲ್ಲ. ರೋಹಿಣಿ ಮಳೆ ಮುಗೀತಾ ಬಂತು. ನಾವಿನ್ನೂ ಬಿತ್ತಿಲ್ಲ.”

ಡಾಕ್ಟರು ಉತ್ತರವನ್ನು ಪುಸ್ತಕದಲ್ಲಿ ಹುಡುಕಿದ. ಇರಲಿಲ್ಲ.

“ಹೋಗ್ಲಿ. ಈಗ ನಮ್ಮನ್ನ ಆಳ್ತಿರೋರು ಯಾರು?”

“ಶೇಕ್ದಾರ್ರು.”

ಕಾವಲಿಗೆ ಬಂದಿದ್ದ ದಫೇದಾರ್ ಜಾಫರ್ ಮೀಸೆಯೊಳಗೇ ನಕ್ಕು, ನಗು ಹೊರಗೆ ಬಂದದ್ದಕ್ಕೆ ಕೆಮ್ಮಿದ. ಪರೀಕ್ಷೆ ನೋಡಲೆಂದೇ ಬಂದು ಕುರ್ಚಿಯಲ್ಲಿ ಕೂತಿದ್ದ ಶೇಕ್ದಾರನ ಕೈ ತಾನಾಗಿ ಕೆನ್ನೆಗೆ ಹೋಯಿತು. ಆ ಬುಧವಾರದಿಂದ ಅವನ ಕೈಗೆ ಅದೊಂದು ಚಾಳಿಯಾಗಿಬಿಟ್ಟಿತ್ತು.

“ನೋಡಿದ್ರಾ ಡಾಕ್ಟ್ರೇ, ಎಷ್ಟು ಹುಷಾರಿ! ಬರ್ಕೊಳ್ಳಿ. ಬುದ್ಧಿ ನೆಟ್ಟಗೈತೆ ಅಂತ ಬರ್ಕೊಳ್ಳಿ.”

“ಅದನ್ನ ಹೇಳೋದು ಶಾಸ್ತ್ರ, ನೀವಲ್ಲ,” ಎಂದು ಡಾಕ್ಟರು ಕಾಗದದ ಮೇಲೆ ಮಸಿ ಚೆಲ್ಲಿ, ಮಡಿಸಿ, ಬಿಡಿಸಿ ಹಿಡಿದ. “ಇದರಲ್ಲಿ ಏನು ಕಾಣುತ್ತೆ?”

ಎಲ್ಲರೂ ಬಗ್ಗಿದರು. ಸೊಣ್ಣಪ್ಪನಿಗೆ ಮಲಗಿದ ಎಮ್ಮೆ ಕಂಡಿತು. ಜಾಫರನಿಗೆ ಅವನ ಅತ್ತೆ ಕಂಡಳು. ಶೇಕ್ದಾರ ಬಹಳ ಹೊತ್ತು ನೋಡಿ, ಅದು ಯಾರದೋ ಕೈ ಎಂದು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ.

“ನಿನಗೇನಮ್ಮ ಕಾಣುತ್ತೆ?”

“ಮಸಿ ಚೆಲ್ಲೈತೆ. ಒರೆಸ್ಲಾ?”

ಅಷ್ಟು ಹೊತ್ತಿಗೆ ಬೀದಿಯ ಅರ್ಧ ಜನ ಜಗಲಿಯ ಮುಂದೆ ನೆರೆದಿದ್ದರು. ಕಷಾಯದ ಸೀಸೆ ಹಿಡಿದು ಬಂದವರು ಕಾಯಿಲೆ ಮರೆತು ನಿಂತಿದ್ದರು.

“ಇವೆಲ್ಲ ಬ್ಯಾಡ ಸ್ವಾಮಿ,” ಎಂದು ಶೇಕ್ದಾರ ಎದ್ದ. “ಅಮ್ಮ ಬರೋದು ಮಂಗಳವಾರ, ಶುಕ್ರವಾರ. ನಂಗೆ ಹೊಡೆದದ್ದು ಬುಧವಾರ. ಬುಧವಾರ ಯಾವ ಅಮ್ಮ ಬರ್ತಾಳೆ?”

“ಲೆವಿ ಬುಧವಾರ ಬಂದ್ರೆ ಅಮ್ಮನೂ ಬುಧವಾರ ಬರ್ತಾಳೆ ಬುದ್ಧೀ,” ಎಂದ ಸೊಣ್ಣಪ್ಪ.

“ಸರಿ ಹಂಗಾದ್ರೆ. ಇವತ್ತು ಶುಕ್ರವಾರ, ಅವಳ ವಾರವೇ. ತಮಟೆ ಬಡಿಸಿ. ಬರ್ಲಿ, ನಾನೂ ನೋಡ್ತೀನಿ.”

ಡಾಕ್ಟರ ಕಣ್ಣು ಅರಳಿತು. ಪ್ರಯೋಗ! ಇಂಥ ಪ್ರಯೋಗ ಆ ದಪ್ಪ ಪುಸ್ತಕದಲ್ಲೂ ಇರಲಿಲ್ಲ. ಜಾಫರ್ ಹೋಗಿ ಇಬ್ಬರು ತಮಟೆಯವರನ್ನು ಹಿಡಿದು ತಂದ. ಅವರು ಜಗಲಿಯ ಮುಂದೆ ಸೊಪ್ಪೆ ಉರಿಸಿ ತಮಟೆ ಕಾಯಿಸಿದರು. ಹೊಗೆಗೆ ಕೆಮ್ಮಿನ ರೋಗಿಗಳೆಲ್ಲ ಒಟ್ಟಿಗೆ ಕೆಮ್ಮಿದರು. ಆಮೇಲೆ ಬಡಿತ ಶುರುವಾಯಿತು. ಬೀರುವಿನಲ್ಲಿ ಸೀಸೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿಗುಟ್ಟಿದವು. ಜ್ವರದ ಮಿಕ್ಸ್ಚರಿನ ದೊಡ್ಡ ಸೀಸೆ ಕೆಳಗೆ ಬಿದ್ದು ಊರಿನ ಒಂದು ತಿಂಗಳ ಮದ್ದು ಚರಂಡಿ ಸೇರಿತು. ಜಾಫರನ ಬೂಟುಕಾಲು ಅವನ ಅಪ್ಪಣೆಯಿಲ್ಲದೆ ತಾಳ ಹಾಕತೊಡಗಿತು. ಜನ ಉಸಿರು ಬಿಗಿಹಿಡಿದು ಮುನಿಗಂಗಮ್ಮನನ್ನೇ ನೋಡಿದರು.

ಮುನಿಗಂಗಮ್ಮ ಸೆರಗನ್ನು ಎದೆಗೆ ಬಿಗಿದುಕೊಂಡು ಸುಮ್ಮನೆ ಕೂತಿದ್ದಳು.

“ಬರ್ಲಿಲ್ವೇನಮ್ಮ?” ಎಂದ ಡಾಕ್ಟರು.

“ಕೂಗಿದ್ರೆ ಓಡ್ಬರೋಕೆ ಅಮ್ಮ ಏನು ಕಚೇರಿ ಜವಾನಳಾ?”

ತಮಟೆ ನಿಂತಿತು. ಡಾಕ್ಟರು ಹೆಂಗಸನ್ನು ಮೇಲಿಂದ ಕೆಳಗೆ ನೋಡಿ, ರವಿಕೆಯ ಮುಂಭಾಗವೆಲ್ಲ ಒದ್ದೆಯಾಗಿರುವುದನ್ನು ಗಮನಿಸಿ, ಮಹತ್ವದ ಗುರುತೊಂದು ಸಿಕ್ಕಿದವನ ಹಾಗೆ ಬರೆದುಕೊಂಡ: ವಿಪರೀತ ಬೆವರು, ಅಪರಾಧ ಪ್ರಜ್ಞೆ ಇದ್ದಂತಿದೆ.

“ಅದು ಬೆವರಲ್ಲ.”

ಒಳಬಾಗಿಲಲ್ಲಿ ಅವನ ಹೆಂಡತಿ ಅನುಸೂಯಮ್ಮ ನಿಂತಿದ್ದಳು. ಆಸ್ಪತ್ರೆಯ ಹಿಂದೆಯೇ ಅವರ ಮನೆ. ಶುಕ್ರವಾರದ ಎಣ್ಣೆನೀರಿನ ತಲೆ ಇನ್ನೂ ಆರಿರಲಿಲ್ಲ. ಬಿಚ್ಚುಗೂದಲ ತುದಿಗೊಂದು ಗಂಟು ಹಾಕಿದ್ದಳು.

“ನಿನಗೆ ಗೊತ್ತಾಗಲ್ಲ, ಒಳಗೆ ಹೋಗು,” ಎಂದ ಡಾಕ್ಟರು. ಮದುವೆಯಾದಂದಿನಿಂದ ಆ ಮಾತು ಅವನ ಬಾಯಲ್ಲಿ ಎಲೆಯಡಿಕೆಯ ಹಾಗೆ ಸದಾ ಇರುತ್ತಿತ್ತು.

ಅನುಸೂಯಮ್ಮ ಒಳಗೆ ಹೋಗಲಿಲ್ಲ. ನೇರವಾಗಿ ಬಂದು ಮುನಿಗಂಗಮ್ಮನ ಕೈ ಹಿಡಿದು ಎಬ್ಬಿಸಿದಳು. “ಮನೇಲಿ ಕೂಸೈತಾ?”

“ಐತೆ ಕಣವ್ವ. ನಸುಕಲ್ಲಿ ಬಿಟ್ಟು ಬಂದಿದ್ದು.”

“ಬಾ.”

ಜಾಫರ್ ತಡೆಯಬೇಕೋ ಬೇಡವೋ ತಿಳಿಯದೆ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಹೆಂಗಸರಿಬ್ಬರೂ ಹಿತ್ತಲಿಗೆ ಹೋದರು.

ಡಾಕ್ಟರು ಮದ್ದಿನ ಕೋಣೆಗೆ ಹೋಗಿ ಕಿಟಕಿಯ ಬಳಿ ನಿಂತ. ಕದ್ದು ಕೇಳಬೇಕೆಂದು ನಿಂತದ್ದಲ್ಲ. ಕಿಟಕಿ ಅಲ್ಲಿತ್ತು, ಹಿತ್ತಲು ಅದರಾಚೆಗಿತ್ತು. ಮುನಿಗಂಗಮ್ಮ ಗೋಡೆಗೆ ಮುಖಮಾಡಿ ಕೂತು, ಕಟ್ಟಿ ನೋಯುತ್ತಿದ್ದ ಹಾಲನ್ನು ಕರಿಬೇವಿನ ಗಿಡದ ಬುಡಕ್ಕೆ ಹಿಂಡುತ್ತಿದ್ದಳು. ಅನುಸೂಯಮ್ಮ ಮಜ್ಜಿಗೆಯ ಲೋಟ ಹಿಡಿದು, ಅವಳಿಗೆ ಮರೆಯಾಗಿ ನಿಂತಿದ್ದಳು.

“ಆವತ್ತು ನಿಜವಾಗ್ಲೂ ಅಮ್ಮ ಬಂದಿದ್ಳಾ?” ಎಂದು ಅನುಸೂಯಮ್ಮ ಮೆಲ್ಲಗೆ ಕೇಳಿದಳು.

“ನಿಮ್ಮ ಹತ್ರ ಏನವ್ವ ಮುಚ್ಚುಮರೆ. ಕೈ ಎತ್ತೋವಾಗ ನಾನೇ. ಬಿತ್ತೋ ಕಾಳಿಗೇ ಕೈ ಹಾಕ್ಬಿಟ್ಟ, ಎತ್ಬಿಟ್ಟೆ. ಬೀಸೋವಾಗ ಯಾರಿದ್ರೋ, ನಂಗೊತ್ತಿಲ್ಲ.”

ಡಾಕ್ಟರಿಗೆ ಅರ್ಧ ಮಾತು ಸಾಕಾಯಿತು. ಕೈ ಎತ್ತೋವಾಗ ನಾನೇ! ಖುದ್ದು ಅವಳ ಬಾಯಿಂದಲೇ! ಸುತ್ತಿಗೆ, ಮಸಿ, ತಮಟೆಗಳಿಂದ ಆಗದ್ದು ಒಂದು ಲೋಟ ಮಜ್ಜಿಗೆಯಿಂದ ಆಗಿತ್ತು. ಅವನು ಜಗಲಿಗೆ ಮರಳಿ ಮೇಜಿನ ಮುಂದೆ ಕೂತು, ಈಗಾಗಲೇ ಬೆಂಗಳೂರಿನ ಕುರ್ಚಿಯಲ್ಲಿ ಕೂತವನ ಠೀವಿಯಲ್ಲಿ ಬರೆಯತೊಡಗಿದ.

ಮುನಿಗಂಗಮ್ಮ ಬಂದು ಬೆಂಚಿನ ಮೇಲೆ ಕೂತಳು. ಮುಖ ತುಸು ಹಗುರಾಗಿತ್ತು.

“ತೀರ್ಮಾನ ಆಯ್ತು,” ಎಂದು ಡಾಕ್ಟರು ಎದ್ದುನಿಂತ. “ಈಕೆ ಬುದ್ಧಿ ಸ್ವಾಧೀನದಲ್ಲೇ ಇತ್ತು. ಹೊಡೆದದ್ದು ತಾನೇ ಅಂತ ಈಗ ಹಿತ್ತಲಲ್ಲಿ ಒಪ್ಪಿಕೊಂಡಿದ್ದಾಳೆ.”

ಜನ ಗುಜುಗುಜು ಎಂದರು. ಸೊಣ್ಣಪ್ಪ ಜಗಲಿಯ ಕಂಬ ಹಿಡಿದುಕೊಂಡ. ಮುನಿಗಂಗಮ್ಮ ಡಾಕ್ಟರನ್ನು ನೋಡಲಿಲ್ಲ. ಒಳಬಾಗಿಲ ಕಡೆ ನೋಡಿದಳು. ಆ ನೋಟ ಬೈಗುಳಕ್ಕಿಂತ ಕಡೆಯಾಗಿತ್ತು.

“ಸಾಕ್ಷಿ?” ಎಂದ ಜಾಫರ್. “ಸಾಕ್ಷಿ ಬೇಕಲ್ಲ ಸಾಬ್.”

“ನಮ್ಮ ಮನೆಯೋಳೇ ಸಾಕ್ಷಿ. ಲೇ, ಬಾ ಇಲ್ಲಿ. ಆಕೆ ನಿನಗೆ ಹೇಳಿದ್ದನ್ನ ಎಲ್ಲರ ಮುಂದೆ ಹೇಳು. ಹೂಂ, ಹೇಳು.”

ಅನುಸೂಯಮ್ಮ ಬಂದಳು. ಗಂಡನೆದುರು ನಿಂತಳು. ಜನರೆಲ್ಲ ಕಿವಿ ನಿಮಿರಿಸಿದರು. ಅವಳು ಕೈ ಎತ್ತಿ ಡಾಕ್ಟರ್ ವೆಂಕಟರಮಣಪ್ಪನ ಎಡಗೆನ್ನೆಗೆ ಬಿಟ್ಟಳು.

ಸದ್ದಿಗೆ ಅರಳಿಮರದ ಕಾಗೆಗಳೆದ್ದವು. ಡಾಕ್ಟರ ಕನ್ನಡಕ ಮಸಿಯ ಕಾಗದದ ಮೇಲೆ ಹೋಗಿ ಕೂತಿತು. ಬಿಟ್ಟ ರಭಸಕ್ಕೆ ಅನುಸೂಯಮ್ಮನ ಕೂದಲ ಗಂಟು ಬಿಚ್ಚಿಕೊಂಡು ಮುಡಿಯೆಲ್ಲ ಮುಖದ ಮೇಲೆ ಹರಡಿತು. ಅವಳು ಹಾಗೇ ನಿಂತಿದ್ದಳು, ಏದುಸಿರು ಬಿಡುತ್ತ.

ಒಂದು ಗಳಿಗೆ ತ್ಯಾಮಗೊಂಡ್ಲಿನಲ್ಲಿ ಯಾರೂ ಕೆಮ್ಮಲಿಲ್ಲ.

ಆಮೇಲೆ ಸೊಣ್ಣಪ್ಪ ಕಂಬ ಬಿಟ್ಟು ದಡಕ್ಕನೆ ಅಡ್ಡಬಿದ್ದ. “ಬಂದವ್ಳೆ! ಅಮ್ಮ ಬಂದವ್ಳೆ ಕಣ್ರಪ್ಪೋ! ನನ್ನ ಹೆಂಡ್ರ ಮೇಲೆ ಬರೋ ಬದ್ಲು ಡಾಕ್ಟ್ರಮ್ಮನ ಮೇಲೆ ಬಂದವ್ಳೆ!”

ತಮಟೆಯವರಿಗೆ ಯಾರೂ ಹೇಳಲಿಲ್ಲ. ಕೈ ತಾನಾಗಿ ಬಡಿಯಿತು. ಜನ ಕೈಮುಗಿದರು. ಯಾರೋ ಅರಿಸಿನ ತಂದರು, ಯಾರೋ ಬೇವಿನ ಕೊಂಬೆಗೆ ಓಡಿದರು. ಶೇಕ್ದಾರ ಚಿಕ್ಕಬೀರಪ್ಪ ಕೆನ್ನೆಯ ಮೇಲಿನ ಕೈ ತೆಗೆದು, ಇನ್ನೊಂದು ಕೈಗೆ ಜೋಡಿಸಿ, ಡಾಕ್ಟರ ಪಕ್ಕಕ್ಕೆ ಬಂದ.

“ನಂಬಿದೆ ಸ್ವಾಮಿ, ಈಗ ನಂಬಿದೆ. ನಮ್ಮಿಬ್ರಿಗೂ ಒಂದೇ ಕಡೆ ಕೊಟ್ಟವ್ಳೆ, ನೋಡಿ. ಎಡಗೆನ್ನೆ! ಬರಿ ಹೆಂಗಸಿನ ಕೈ ಇಷ್ಟು ಉರಿಯುತ್ತಾ, ನೀವೇ ಹೇಳಿ?”

ಡಾಕ್ಟರು ಕೆನ್ನೆ ಮುಟ್ಟಿ ನೋಡಿಕೊಂಡ. ಕೆನ್ನೆ ನಿಜಕ್ಕೂ ಉರಿಯುತ್ತಿತ್ತು. ಅವನು ಜನರನ್ನು ನೋಡಿದ. ಯಾರ ಮುಖದಲ್ಲೂ ನಗೆಯಿರಲಿಲ್ಲ. ಹೆಂಡತಿಯ ಕೈಯಲ್ಲಿ ಪೆಟ್ಟು ತಿಂದವನನ್ನು ನೋಡುವ ನೋಟ ಅದಲ್ಲ. ದೇವಿ ಆರಿಸಿಕೊಂಡವನನ್ನು ನೋಡುವ ನೋಟ. ಮುಳುಗುವವನಿಗೆ ಕೈಗೆ ಬೇರು ಸಿಕ್ಕಿದ ಹಾಗಾಯಿತು. ಬುದ್ಧಿ ನೆಟ್ಟಗಿದ್ದು ಹೊಡೆದಳೆಂದರೆ ನಾಳೆಯಿಂದ ಈ ಊರಿನಲ್ಲಿ ಯಾರ ನಾಡಿ ಹಿಡಿಯುವುದು? ಹುಚ್ಚೆಂದರೆ ಮನೆಯ ಗತಿ?

ಕನ್ನಡಕ ಹುಡುಕಿಕೊಂಡು ಅವನು ಬರೆದದ್ದನ್ನು ಹರಿದು ಹಾಕಿದ. ಹೊಸದಾಗಿ ಬರೆದ. ಆರೋಗ್ಯವಂತರಾದ ಹೆಂಗಸರಿಗೂ ಕ್ಷಣಕಾಲ ಮೈಮೇಲೆ ಎಚ್ಚರವಿಲ್ಲದ ಸ್ಥಿತಿ ಬರುವುದುಂಟು. ಇದು ಹುಚ್ಚಲ್ಲ, ಆಸ್ಪತ್ರೆ ಬೇಕಿಲ್ಲ. ಆ ಕ್ಷಣದಲ್ಲಿ ಮಾಡಿದ್ದಕ್ಕೆ ಅವರು ಹೊಣೆಯಲ್ಲ, ಜೈಲೂ ತಕ್ಕದ್ದಲ್ಲ. ಇದನ್ನು ನಾನು ಸ್ವತಃ ಅನುಭವದಿಂದ ಬಲ್ಲೆ. ಕೊನೆಯ ಸಾಲನ್ನು ಹೊಡೆದುಹಾಕಿ ರುಜು ಮಾಡಿದ.

“ನನ್ನ ಫಿರ್ಯಾದೂ ವಾಪಸ್ಸು,” ಎಂದ ಶೇಕ್ದಾರ. “ಮ್ಯಾಜಿಸ್ಟ್ರೇಟ್ ಸಾಹೇಬ್ರಿಗೆ ನಾನೇ ಬಂದು ಹೇಳ್ತೀನಿ. ಅಮ್ಮನ ಮೇಲೆ ಕೇಸು ನಡೆಸೋಕೆ ನನಗೇನು ತಲೆ ಕೆಟ್ಟೈತಾ?”

“ನಡೆಯಮ್ಮ ಬೇಗ,” ಎಂದು ಜಾಫರ್ ವರದಿಯನ್ನು ಕಿಸೆಗಿಟ್ಟ. “ರುಜು ಆದ್ಮೇಲೆ ಡಾಕ್ಟರ್ ಸಾಬ್ ಮುಂದೆ ಜಾಸ್ತಿ ನಿಲ್ಬಾರ್ದು. ಸಾಯಂಕಾಲಕ್ಕೆ ನಿನ್ನ ಬಚ್ಚಾ ಹತ್ರ ಇರ್ತೀಯ.”

ಇದ್ದಿಲು ಗ್ಯಾಸಿನ ಬಸ್ಸು ಹೊಗೆಯುಗುಳುತ್ತ ಬಂದು ನಿಂತಿತು. ಮುನಿಗಂಗಮ್ಮ ಹತ್ತುವ ಮುಂಚೆ ಒಮ್ಮೆ ತಿರುಗಿದಳು. ಅನುಸೂಯಮ್ಮ ತಲೆಯಾಡಿಸಿದಳು, ಅಷ್ಟೆ. ಬಸ್ಸು ಕೆರೆಯ ತಿರುವು ದಾಟುವವರೆಗೂ ಅವಳು ಮುಖದ ಮೇಲಿನ ಕೂದಲು ಸರಿಸಲಿಲ್ಲ, ತುಟಿ ಬಿಚ್ಚಲಿಲ್ಲ.

ಸದ್ದು ಅಡಗಿದ ಮೇಲೆ ಒಳಗೆ ಹೋಗಿ ಜಡೆ ಹೆಣೆಯಲು ಕೂತಳು.

ಡಾಕ್ಟರು ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿಕೊಂಡ. ಹೊರಗೆ ಜನ ಹಣ್ಣುಕಾಯಿ ಹಿಡಿದು ಕಾಯುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡ. ಮದುವೆಯಾದ ಮೇಲೆ ಅಷ್ಟು ಮೃದುವಾಗಿ ಅವನು ಮಾತಾಡಿದ್ದೇ ಇಲ್ಲ.

“ಇದರಲ್ಲಿ ನಾಚಿಕೆ ಪಡೋಂಥದ್ದೇನೂ ಇಲ್ಲ, ಅನುಸೂಯ. ಶಾಸ್ತ್ರದಲ್ಲೂ ಉಂಟು. ಅಮ್ಮ ಬಂದಿದ್ದಳು, ನಿನಗೆ ಮೈಮೇಲೆ ಎಚ್ಚರ ಇರಲಿಲ್ಲ. ಅಲ್ವಾ? ಹೊರಗೆ ಬೇಡ, ನನ್ನೊಬ್ಬನ ಮುಂದೆ ಒಂದು ಮಾತು ಹೂಂ ಅಂದ್ಬಿಡು. ಈ ವಾರವೇ ಪಟಾಲಮ್ಮಂಗೆ ಹಸಿರು ಸೀರೆ ಉಡಿಸೋಣ. ನಿನಗೂ ಒಂದು ತರ್ತೀನಿ. ತೌರಿಗೂ ಹೋಗಿ ಬರುವಿಯಂತೆ. ಹೂಂ ಅನ್ನು, ಸಾಕು.”

ಅನುಸೂಯಮ್ಮ ಹೆಣೆಯುವುದನ್ನು ನಿಲ್ಲಿಸಿ, ಕೆಂಪಾದ ಆ ಕೆನ್ನೆಯನ್ನು ಸಮಾಧಾನವಾಗಿ ನೋಡಿದಳು.

“ಊಹೂಂ. ಯಾರೂ ಬಂದಿರ್ಲಿಲ್ಲ. ನಿಮಗೆ ಹೊಡೆದದ್ದು ನಾನೇ.”