ದನದ ಡಾಕ್ಟರ ಹಸಿರು ಶಾಯಿ

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದವರಲ್ಲ. ಇದನ್ನು ಗುಣ ಎಂದು ಹೊಗಳಲು ಹೊರಡಬೇಡಿ! ತಾವು ಸುಳ್ಳು ಹೇಳದವರು ಉಳಿದವರು ಹೇಳಿದ್ದನ್ನೂ ನಂಬಬೇಕಲ್ಲವೇ? ಅದು ಮಾತ್ರ ಅವರಿಂದ ಆಗುತ್ತಿರಲಿಲ್ಲ. ಅಕ್ಕನನ್ನು ನೋಡಲು ಬಂದ ದಿನ ಅಪ್ಪ ಜಾತಕದ ಪ್ರತಿಯನ್ನು ಅವರ ಕೈಗಿತ್ತರೆ, ಹುಡುಗಿಯ ಕಡೆ ಕಣ್ಣೆತ್ತಿಯೂ ನೋಡದೆ ಕೇಳಿದ್ದು ಇಷ್ಟು: "ಇದು ನಕಲು. ಮೂಲಪ್ರತಿ ಉಂಟಾ?" ಅಪ್ಪ ಪೆಟ್ಟಿಗೆಯೆಲ್ಲ ತಡಕಾಡಿ ಅದನ್ನು ತಂದ ಮೇಲೆಯೇ ಅವರು ಉಪ್ಪಿಟ್ಟಿಗೆ ಕೈ ಹಾಕಿದರು.

ಭಾವ ಪುತ್ತೂರಿನಲ್ಲಿ ಸರಕಾರಿ ದನದ ಡಾಕ್ಟರು. ಬರೀ ಅಷ್ಟೇ ಆಗಿದ್ದರೆ ಊರು ನೆಮ್ಮದಿಯಾಗಿರುತ್ತಿತ್ತು. ಆದರೆ ಅವರು ಗೆಜೆಟೆಡ್ ಆಫೀಸರೂ ಆಗಿದ್ದರು. ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ ಸುಳ್ಯ, ಕಡಬ, ಕುಂಬ್ರ ಎಲ್ಲ ಕಡೆಯಿಂದ ಜನ ಗಲ್ಫಿಗೆ ಹೊರಟಿದ್ದರು. ವೀಸಾದ ಅರ್ಜಿಗೆ ಸರ್ಟಿಫಿಕೇಟುಗಳ ನಕಲು ಬೇಕು. ಆ ನಕಲು ಮೂಲದಂತೆಯೇ ಇದೆ ಎಂದು ಗೆಜೆಟೆಡ್ ಆಫೀಸರೊಬ್ಬರು ಹಸಿರು ಶಾಯಿಯಲ್ಲಿ ಸಹಿ ಹಾಕಿ ಮೊಹರು ಒತ್ತಬೇಕು. ಉಳಿದ ಅಧಿಕಾರಿಗಳು ಚಹಾ ಆರುವುದರೊಳಗೆ ಹತ್ತು ಸಹಿ ಹಾಕುತ್ತಿದ್ದರು. ಭಾವನ ಬಳಿ ಒಂದಕ್ಕೇ ಒಂದು ಗಂಟೆ! ಮೂಲಪ್ರತಿ ಕಂಪೌಂಡರನ ಕೈಯಲ್ಲಿ, ನಕಲು ಅರ್ಜಿದಾರನ ಕೈಯಲ್ಲಿ. ಇಬ್ಬರೂ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಬೇಕು. ಭಾವ ಬಸಿರು ಪರೀಕ್ಷೆಗೆಂದು ದನದೊಳಗೆ ಮೊಣಕೈವರೆಗೆ ಕೈ ಹಾಕಿ ನಿಂತಿದ್ದರೂ "ಓದು ಮಾರಾಯ, ನಿಲ್ಲಿಸಬೇಡ, ನನ್ನ ಕಿವಿ ಖಾಲಿ ಉಂಟು" ಎನ್ನುತ್ತಿದ್ದರು.

ಒಮ್ಮೆ ಐವರ್ನಾಡಿನ ಹುಡುಗನೊಬ್ಬ ಅಂಚೆಯಲ್ಲಿ ಓದಿ ಪಡೆದ ಲಂಡನ್ನಿನ ಡಿಪ್ಲೊಮಾ ಹಿಡಿದುಕೊಂಡು ಬಂದ.

"ಲಂಡನ್ನಿಗೆ ಹೋದದ್ದು ಯಾವಾಗ?"

"ನಾನು ಹೋಗ್ಲಿಲ್ಲ ಡಾಕ್ಟ್ರೆ, ಅದೇ ಬಂದದ್ದು."

ಭಾವ ತಮ್ಮದೇ ಖರ್ಚಿನಲ್ಲಿ ಲಂಡನ್ನಿಗೆ ಕಾಗದ ಬರೆದರು: ಇಂಥ ಹುಡುಗ ನಿಮ್ಮಲ್ಲಿ ಓದಿದ್ದು ಹೌದೇ? ಎರಡು ತಿಂಗಳ ಮೇಲೆ ಉತ್ತರ ಬಂತು. ಹೌದಂತೆ. ಜೊತೆಗೆ ಭಾವನಿಗೂ ಒಂದು ಅರ್ಜಿ ಫಾರಂ, ಈಗಲೇ ಸೇರಿದರೆ ಶುಲ್ಕದಲ್ಲಿ ರಿಯಾಯಿತಿ! ಅಷ್ಟರಲ್ಲಿ ಆ ಹುಡುಗ ಬೇರೆ ಯಾರದೋ ಸಹಿಯ ಬಲದಿಂದ ಮಸ್ಕತ್ ತಲುಪಿ, ಅಲ್ಲಿಂದ ಅಪ್ಪನಿಗೊಂದು ವಾಚನ್ನೂ ಕಳಿಸಿಯಾಗಿತ್ತು.

ಇನ್ನು ನನ್ನ ಕಥೆ. ಬಿ.ಕಾಂ. ಮುಗಿಸಿ ಅಕ್ಕನ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದವನು ನಾನೂ ಗಲ್ಫಿಗೆ ಅರ್ಜಿ ತರಿಸಿದೆ. 'ಇವರಿಗೆ ಇಂಗ್ಲಿಷ್ ಬರುತ್ತದೆ' ಎಂದು ಅಧಿಕಾರಿಯೊಬ್ಬರು ಬರೆದುಕೊಡಬೇಕಿತ್ತು. ಮನೆಯಲ್ಲೇ ಅಧಿಕಾರಿ ಇರುವಾಗ ಚಿಂತೆ ಏಕೆ? ಭಾವ ಕೇಳಿದರು: "ಇಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೋಗುದು ಹೇಗೆ? ಇಂಗ್ಲಿಷಿನಲ್ಲಿ ಹೇಳು." ಹೇಳಿದೆ. ಅವರು ಚಪ್ಪಲಿ ಮೆಟ್ಟಿ, ನಾನು ಹೇಳಿದ ಹಾಗೆಯೇ ಹೊರಟು ಹೋದರು. ಮುಕ್ಕಾಲು ಗಂಟೆಯ ಮೇಲೆ ಹಿಂತಿರುಗಿದ್ದು ಮೀನು ಮಾರ್ಕೆಟಿನಿಂದ. ಭಾವ ಈರುಳ್ಳಿಯನ್ನೂ ಮುಟ್ಟದ ಮನುಷ್ಯ! ನನ್ನ ಇಂಗ್ಲಿಷಿಗೆ ಇವತ್ತಿನವರೆಗೂ ಸಹಿ ಬಿದ್ದಿಲ್ಲ.

ಹೀಗಿರುವಾಗ ಲೀಲಮ್ಮ ಬಂದಳು. ಕಡಬದಾಚೆ ರಬ್ಬರ್ ತೋಟ ಹಾಕಿಕೊಂಡಿದ್ದ ವರ್ಕಿ ಎಂಬವರ ಹಿರಿಮಗಳು, ಮಂಗಳೂರಿನಲ್ಲಿ ನರ್ಸಿಂಗ್ ಕಲಿತವಳು. ವರ್ಕಿಗೆ ಬಿದ್ದು ಸೊಂಟ ಹೋಗಿತ್ತು. ಅವಳ ಹಿಂದೆ ಇನ್ನೂ ಮೂವರು ತಂಗಿಯರಿದ್ದರು. ಕುವೈತಿನ ಆಸ್ಪತ್ರೆಯೊಂದರ ಫಾರಂ ತಂದಿದ್ದಳು. ಹದಿನೈದು ದಿನದೊಳಗೆ ಅದು ಅಂಚೆಗೆ ಬೀಳದಿದ್ದರೆ ಆ ಕೆಲಸ ಹೋದ ಹಾಗೆಯೇ. ಫಾರಮಿನ ಕೊನೆಯಲ್ಲಿ ಒಂದು ಸಾಲು: 'ಅಭ್ಯರ್ಥಿಯು ಇಂಗ್ಲಿಷ್ ಮಾತನಾಡಬಲ್ಲಳೆಂದು ನಾನು ಖುದ್ದಾಗಿ ಪರೀಕ್ಷಿಸಿ ತಿಳಿದಿದ್ದೇನೆ.'

ಖುದ್ದಾಗಿ! ಭಾವನಿಗೆ ಅಷ್ಟು ಸಾಕಾಯಿತು. ಅಲ್ಲೇ ಕಟ್ಟಿದ್ದ ಜ್ವರದ ಎಮ್ಮೆಯನ್ನು ತೋರಿಸಿ, "ಇದಕ್ಕೆ ಎಂತ ಆಗಿದೆ? ಇಂಗ್ಲಿಷಿನಲ್ಲಿ ಹೇಳು" ಎಂದರು. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಪಡೆದ ಹುಡುಗಿ ಎಮ್ಮೆಯ ಮುಖ ನೋಡುತ್ತಾ ನಿಂತಳು. ಬಾಯಿಂದ ಒಂದು ಶಬ್ದ ಹೊರಡಲಿಲ್ಲ.

ಕೋಲೂರಿಕೊಂಡು ಬಂದಿದ್ದ ವರ್ಕಿ ಕೈಮುಗಿದರು. "ಡಾಕ್ಟ್ರೆ, ಅವಳು ಮನುಷ್ಯರ ನರ್ಸ್ ಅಲ್ವಾ? ಎಮ್ಮೆ ಹತ್ರ ಇಂಗ್ಲಿಷ್ ಎಂತಕ್ಕೆ? ಒಂದು ಸಹಿ ಹಾಕಿ ಬಿಡಿ."

"ಅಲ್ಲಿ ಒಬ್ಬ ರೋಗಿ ಉಸಿರು ಸಿಗದೆ ಒದ್ದಾಡ್ತಾನೆ. ಇವಳು ಹೀಗೇ ನಿಂತ್ರೆ? ಆಗ ನನ್ನ ಸಹಿ ಓಡಿ ಬಂದು ಮಾತಾಡ್ತದಾ?"

ಸಂಜೆ ಅಕ್ಕನಿಗೆ ವಿಷಯ ಗೊತ್ತಾಗಿ ಮನೆಯಲ್ಲಿ ದೊಡ್ಡ ಗಲಾಟೆ. "ನಿಮ್ಮ ಸತ್ಯ ನೀವೇ ಇಟ್ಟುಕೊಳ್ಳಿ. ಆ ಮಗು ನಾಳೆಯಿಂದ ಇಲ್ಲೇ ಇರ್ತದೆ. ನೀವೇ ಕಲಿಸಿ, ನೀವೇ ಸಹಿ ಹಾಕಿ!" ಸರಕಾರದ ಆಜ್ಞೆಗೂ ಹೆದರದ ಭಾವ ಇದಕ್ಕೆ ತಲೆಯಾಡಿಸಿದರು.

ಮರುದಿನದಿಂದ ಲೀಲಮ್ಮ ಭಾವನ ಜೊತೆ ದನದ ಹಟ್ಟಿಯಿಂದ ಹಟ್ಟಿಗೆ ಹೊರಟಳು. ಚೀಲ ಹೊರಲು ನಾನು. ಹಟ್ಟಿಯ ಬಾಗಿಲು ದಾಟಿದ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಹಸುವಿಗೆ ಗುಡ್ ಮಾರ್ನಿಂಗ್ ಹೇಳಬೇಕು, ಹಸಿವಿದೆಯೇ ಎಂದು ಕೇಳಬೇಕು, ಸೂಜಿ ಚುಚ್ಚುವಾಗ ಹೆದರಬೇಡ ಎನ್ನಬೇಕು. ಮರ್ಕಂಜದ ಅಜ್ಜಿಯೊಬ್ಬರು ಸ್ವಲ್ಪ ಹೊತ್ತು ನೋಡಿ ನನ್ನ ಕಿವಿಯಲ್ಲಿ ಹೇಳಿದರು: "ನಮ್ಮ ದನಕ್ಕೆ ತುಳು ಮಾತ್ರ ಗೊತ್ತಿರುದು, ಆ ಹುಡುಗಿಗೆ ಹೇಳಿ ಮಾರಾಯ್ರೆ!"

ಹನ್ನೊಂದು ದಿನ ಕಳೆಯಿತು, ಹನ್ನೆರಡೂ ಕಳೆಯಿತು. ದನಗಳ ಹತ್ತಿರ ಅವಳು ಧಾರಾಳ ಮಾತಾಡುತ್ತಿದ್ದಳು. ಭಾವ ತಿರುಗಿ ನೋಡಿದರೆ ಸಾಕು, ಬಾಯಿ ಕಟ್ಟುತ್ತಿತ್ತು. ಅವಳು ರಾತ್ರಿ ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ಅಕ್ಕ ಹೇಳಿದಳು. ನನಗೂ ಭಾವನ ಮೇಲೆ ಕೋಪ ಬರತೊಡಗಿತ್ತು.

ಹದಿನಾಲ್ಕನೆಯ ದಿನ ಕುಂಬ್ರದಲ್ಲೊಂದು ಹಸುವಿಗೆ ಕಷ್ಟದ ಹೆರಿಗೆ. ಕರುವಿನ ಕಾಲು ಹಿಡಿದು ಭಾವ ಇನ್ನೇನು ಎಳೆಯಬೇಕು, ಹಿಂದಿನಿಂದ ಲೀಲಮ್ಮನ ಗರ್ಜನೆ: "ನೋ ಸರ್! ಡೋಂಟ್ ಪುಲ್! ವೆಯ್ಟ್! ಅವಳು ನೋವು ಬಂದಾಗ ಮುಕ್ಕಲಿ," ಅಲ್ಲಿಗೆ ನಿಲ್ಲಿಸಿ, ಕನ್ನಡವನ್ನು ನುಂಗಿ, ಮುಂದಿನದ್ದನ್ನೆಲ್ಲ ಇಂಗ್ಲಿಷಿನಲ್ಲೇ ಹೇಳಿದಳು. ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು, ಎಲ್ಲ ಅವಳದ್ದೇ ಅಪ್ಪಣೆ. ಭಾವ ಎಲ್ಲವನ್ನೂ ಪಾಲಿಸಿದರು. ಕರು ನೆಲಕ್ಕೆ ಬಿದ್ದು ತಲೆ ಎತ್ತಿತು.

ಭಾವ ಕೈ ತೊಳೆದು ನನ್ನಿಂದ ಚೀಲ ಇಸಕೊಂಡರು. ಅದರಲ್ಲಿ ಫಾರಮೂ ಇತ್ತು, ಹಸಿರು ಪೆನ್ನೂ ಇತ್ತು, ಮೊಹರೂ ಇತ್ತು. ಹದಿನಾಲ್ಕು ದಿನವೂ ಅದನ್ನೆಲ್ಲ ನಾನೇ ಹೊತ್ತಿದ್ದೆ! "ಡಾಕ್ಟರಿಗೇ ಜೋರು ಮಾಡುವಷ್ಟು ಇಂಗ್ಲಿಷ್ ಬಂತು. ಇನ್ನೆಂತ ಬೇಕು?" ಎಂದು ಹುಲ್ಲಿನ ಕುತ್ತರಿಗೆ ಫಾರಂ ಒತ್ತಿಹಿಡಿದು ಸಹಿ ಹಾಕಿದರು. ಅಷ್ಟು ವರ್ಷ ಕರು ಎಳೆದವರಿಗೆ ಯಾವಾಗ ಎಳೆಯಬಾರದೆಂದು ಗೊತ್ತಿರಲಿಲ್ಲವೇ? ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ಅವರು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ.

ಲೀಲಮ್ಮ ಕುವೈತಿಗೆ ಹೋದಳು. ಕೆಲವು ವರ್ಷಗಳಲ್ಲಿ ಭಾವ ನಿವೃತ್ತರಾದರು. ಮೊಹರನ್ನು ಇಲಾಖೆಗೆ ಒಪ್ಪಿಸಿದ ಮೇಲೆ ಅವರ ಮನೆಯಂಗಳಕ್ಕೆ ಬರುವವರು ನಿಂತೇ ಹೋದರು. ದಾರಿಯಲ್ಲಿ ಸಿಕ್ಕವರೂ ಅವಸರದಲ್ಲಿರುತ್ತಿದ್ದರು. ಭಾವ ಜಗಲಿಯಲ್ಲಿ ಕೂತು ಹಳೆಯ ಹಸಿರು ಪೆನ್ನನ್ನು ಒರೆಸಿ ಒರೆಸಿ ಇಡುತ್ತಿದ್ದರು. ನೋಡಲು ನನಗೆ ಸಂಕಟವಾಗುತ್ತಿತ್ತು.

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ಗೆಜೆಟೆಡ್ ಆಫೀಸರೊಬ್ಬರಿಂದ ಬರೆಸಿಕೊಡಬೇಕು. ಆ ವರ್ಷ ಭಾವನ ಜೊತೆ ಒಂದು ಕಚೇರಿಗೆ ನಾನೂ ಹೋದೆ. ಎಳೆಯ ಅಧಿಕಾರಿ ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿ ಕಾಗದವನ್ನು ದೂಡಿದ. ಭಾವ ಅದನ್ನು ಮುಟ್ಟಲಿಲ್ಲ.

"ನೀವು ನನ್ನ ಮುಖವನ್ನೇ ನೋಡ್ಲಿಲ್ಲ. ನಾನು ಬದುಕಿದ್ದೇನೆ ಅಂತ ಹೇಗೆ ಬರೆದ್ರಿ?"

ಸಹಿ ಆದ ಕಾಗದವನ್ನು ಅಲ್ಲೇ ಬಿಟ್ಟು ಎದ್ದು ಮನೆಗೆ ಬಂದರು. "ನಾನು ಬರೆದು ಕೊಡ್ತೇನೆ, ಬದುಕಿದ್ದಾರೆ ಅಂತ. ಬೆಳಗ್ಗಿನಿಂದ ಮೂರು ಸಲ ಕಾಫಿ ಕೇಳಿದ್ದಾರೆ" ಎಂದು ಅಕ್ಕ ರೇಗಿದಳು. ಭಾವ ನಗಲಿಲ್ಲ.

ಅದೇ ವಾರ ಲೀಲಮ್ಮ ರಜೆಯಲ್ಲಿ ಬಂದವಳು ಮನೆಗೆ ಬಂದಳು. ಅಕ್ಕ ಕಥೆಯೆಲ್ಲ ಹೇಳಿದಳು. ಲೀಲಮ್ಮ ಭಾವನ ಪಕ್ಕ ಕೂತು, ಅವರ ಮಣಿಕಟ್ಟು ಹಿಡಿದು, ತನ್ನ ವಾಚು ನೋಡತೊಡಗಿದಳು. ಆಮೇಲೆ ಅವಳು ಅಚ್ಚ ಇಂಗ್ಲಿಷಿನಲ್ಲಿ, ಸ್ವಲ್ಪವೂ ತಡವರಿಸದೆ ಹೇಳಿದಳು: ನಾನು ಖುದ್ದಾಗಿ ಪರೀಕ್ಷಿಸಿದ್ದೇನೆ ಸರ್, ನೀವು ಬದುಕಿದ್ದೀರಿ.

ಭಾವ ನನ್ನ ಕಡೆ ತಿರುಗಿದರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಪೂರ್ತಿ ಒಂದು ನಿಮಿಷ ನಾಡಿ ಹಿಡಿದಳು ಮಾರಾಯ. ಅರ್ಧ ನಿಮಿಷ ಹಿಡಿದು ಎರಡರಿಂದ ಗುಣಿಸುವವರು ಇದ್ದಾರೆ."

ನಿಮಿಷ ಮುಗಿದು ಎಷ್ಟೋ ಹೊತ್ತಾಗಿತ್ತು. ಅವಳು ಕೈ ಬಿಟ್ಟಿರಲಿಲ್ಲ, ಭಾವ ಹಿಂದಕ್ಕೆ ತೆಗೆದುಕೊಂಡಿರಲೂ ಇಲ್ಲ.