ಪಾಕದಲ್ಲಿ ಬೆಂದ ಟೇಪು

"ಇವತ್ತು ಈ ಸಕ್ಕರೆಗೆ ಬುದ್ಧಿ ಕಲಿಸದಿದ್ರೆ ನಾನು ಕತ್ತರಿ ಹಿಡಿಯೋದನ್ನೇ ಬಿಟ್ಬಿಡ್ತೀನಿ!" ಎಂದು ದರ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಘೋಷಿಸಿದ.

ಅವನ ಹೆಂಡತಿ ಶರಬತ್ತಿನ ಅಂಗಡಿ ಇಟ್ಟಿದ್ದಳು. ಮರುದಿನ ಹೊಸ ಗ್ರಂಥಾಲಯದ ಉದ್ಘಾಟನೆಗೆ ಬರುವವರಿಗೆಲ್ಲ ಅವಳದೇ ಶರಬತ್ತು. ಅಂಗಡಿ ತೆರೆದ ಮೇಲೆ ಸಿಕ್ಕ ಮೊದಲ ದೊಡ್ಡ ಆರ್ಡರು! ಪಾಪ, ಅವಳು ತಣ್ಣೀರಿಗೆ ಸಕ್ಕರೆ ಸುರಿದು ರಟ್ಟೆ ಬಿದ್ದುಹೋಗುವಂತೆ ಸೌಟಿನಲ್ಲಿ ತಿರುವುತ್ತಿದ್ದಳು. ಸಕ್ಕರೆ ಮಾತ್ರ ತಳದಲ್ಲಿ ಹಾಯಾಗಿ ಮಲಗಿತ್ತು.

"ತಣ್ಣೀರಿಗೆ ಹಸಿವಿಲ್ಲ ಕಣೇ. ಬಿಸಿನೀರು ಹೊಟ್ಟೆಬಾಕ, ಎಷ್ಟು ಹಾಕಿದ್ರೂ ನುಂಗುತ್ತೆ."

"ತಣ್ಣಗಾದ್ಮೇಲೆ ಕಕ್ಕಿದ್ರೆ?"

"ನುಂಗಿದ್ದನ್ನ ಯಾರಾದ್ರೂ ಕಕ್ತಾರಾ?"

"ಮೊನ್ನೆ ನಿಮ್ಮಣ್ಣನ ಮನೇಲಿ ಉಂಡು ಬಂದು ನೀವೇ..."

"ಅದು ಬೇರೆ ವಿಷಯ!"

ದರ್ಜಿ ಪಾತ್ರೆಯನ್ನು ಒಲೆಗೇರಿಸಿದ. ಕುದಿಯುವ ನೀರಿಗೆ ಬಟ್ಟಲುಗಟ್ಟಲೆ ಸಕ್ಕರೆ ಸುರಿದ. ಎಲ್ಲ ಮಾಯ! ಮತ್ತೆ ಸುರಿದ. ಅದೂ ಮಾಯ! ಕೊನೆಗೆ ಚೀಲವೇ ಖಾಲಿಯಾಯಿತು. ರಾಜ್ಯ ಗೆದ್ದವನಂತೆ ಬೀಗಿದ. ಆದರೆ ದರ್ಜಿ ಅಂದಮೇಲೆ ಅಳತೆಯಿಲ್ಲದೆ ನಿದ್ದೆ ಬಂದೀತೇ? ಪಾಕ ಬೆಳಗಿನವರೆಗೆ ಎಷ್ಟು ಇಳಿಯುತ್ತದೆಂದು ನೋಡಲು, ಆಗತಾನೇ ತಂದಿದ್ದ, ಬಟ್ಟೆಯಿಂದ ಮಾಡಿದ ಹೊಸ ಅಳತೆ ಟೇಪನ್ನು ಪಾತ್ರೆಯೊಳಗೆ ಇಳಿಬಿಟ್ಟು, ಅಂಚಿಗೆ ಕ್ಲಿಪ್ ಹಾಕಿ ಮಲಗಿದ.

ಬೆಳಗ್ಗೆ ನೋಡಿದರೆ ಟೇಪಿನ ತುಂಬ ವಜ್ರ! ತಳದಲ್ಲಿ ಬಂಡೆಯಂಥ ಸಕ್ಕರೆ. ಅದರಲ್ಲಿ ಹೂತುಹೋದ ಸೌಟು ಧ್ವಜಸ್ತಂಭದಂತೆ ನೆಟ್ಟಗೆ ನಿಂತಿತ್ತು.

"ಏನ್ರೀ, ನಿಮ್ಮ ಹೊಟ್ಟೆಬಾಕನಿಗೆ ಅಜೀರ್ಣ ಆದ ಹಾಗಿದೆ!"

ದರ್ಜಿ ಸೌಟು ಎಳೆದ. ಪಾತ್ರೆಯೇ ಮೇಲೆದ್ದು ಬಂತು. ಸುತ್ತಿಗೆ ತಂದು ಬಡಿದ. ಪಾತ್ರೆ ನೆಗ್ಗಿತೇ ಹೊರತು ಬಂಡೆ ಜಗ್ಗಲಿಲ್ಲ.

"ಸಾಕು ನಿಮ್ಮ ಕಮ್ಮಾರಿಕೆ, ಸರೀರಿ ಆಚೆ!" ಹೆಂಡತಿ ಇನ್ನಷ್ಟು ನೀರು ಸುರಿದು ಒಲೆ ಹಚ್ಚಿದಳು. "ಬಿಸಿಯಾದ್ರೆ ಮತ್ತೆ ಕರಗುತ್ತೆ. ನೀರೂ ಹೆಚ್ಚಿರೋದ್ರಿಂದ ತಣ್ಣಗಾದ್ರೂ ಈ ಸಲ ಕಕ್ಕೋದಿಲ್ಲ."

ಹಾಗೆಯೇ ಆಯಿತು. ಬಂಡೆ ಕರಗಿತು, ಸೌಟು ಸಡಿಲವಾಯಿತು, ಬೆಂದ ಟೇಪು ಹೊರಗೆ ಬಂತು. ಅವಳು ಪಾಕಕ್ಕೆ ನಿಂಬೆರಸ, ಐಸು ಬೆರೆಸುವಷ್ಟರಲ್ಲಿ ಗ್ರಂಥಾಲಯದ ಅಧ್ಯಕ್ಷರೇ ಶರಬತ್ತು ಒಯ್ಯಲು ಗಾಡಿ ತಂದರು. ದರ್ಜಿ ಟೇಪನ್ನು ತೊಳೆದು ಒಣಗಿಸಿ ಕೊರಳಿಗೆ ಹಾಕಿಕೊಂಡಿದ್ದ.

"ಹಾಗೇ ಒಂದು ಪ್ಯಾಂಟಿಗೂ ಅಳತೆ ತಗೊಂಡುಬಿಡಪ್ಪ," ಎಂದರು ಅಧ್ಯಕ್ಷರು.

ದರ್ಜಿ ಅಳೆದ. ಕಣ್ಣುಜ್ಜಿಕೊಂಡು ಮತ್ತೆ ಅಳೆದ. "ಸಾರ್... ಹೋದ ತಿಂಗಳಿಗಿಂತ ಸೊಂಟ ಎರಡಿಂಚು ಜಾಸ್ತಿ!"

ಅಧ್ಯಕ್ಷರ ಮುಖ ಬಾಡಿತು. "ಎರಡಿಂಚಾ! ಹಾಗಾದ್ರೆ ಇನ್ಮೇಲೆ ಸಕ್ಕರೆ ಮುಟ್ಟೋದಿಲ್ಲ. ಯಾರೂ ಮುಟ್ಟೋದು ಬೇಡ. ಶರಬತ್ತು ಬೇಡಮ್ಮ, ಎಲ್ಲರಿಗೂ ನೀರೇ ಕೊಡ್ತೀವಿ!"

ಮೊದಲ ದೊಡ್ಡ ಆರ್ಡರು ಬಾಗಿಲು ದಾಟುತ್ತಿತ್ತು! ಹೆಂಡತಿ ಓಡಿಬಂದು ಗಂಡನ ಕೊರಳಿನಿಂದ ಟೇಪು ಕಿತ್ತು, ಹೊಲಿಗೆ ಮೇಜಿನ ಮೇಲಿದ್ದ ಮರದ ಸ್ಕೇಲಿನ ಪಕ್ಕ ಹಿಡಿದಳು.

"ನೋಡಿ ಸಾರ್, ನಿಮ್ಮ ಸೊಂಟ ಬೆಳೆದಿಲ್ಲ. ಪಾಕದಲ್ಲಿ ಬೆಂದು ಇವರ ಟೇಪು ಕುಗ್ಗಿದೆ!"

ಅಧ್ಯಕ್ಷರ ಮುಖ ಅರಳಿತು. ಆ ಸಂತೋಷಕ್ಕೆ ನಿಂತಲ್ಲೇ ಎರಡು ಲೋಟ ಶರಬತ್ತು ಕುಡಿದು, ಉಳಿದದ್ದನ್ನೆಲ್ಲ ಗಾಡಿಗೆ ಹೇರಿಸಿದರು.

ಗಾಡಿ ಮರೆಯಾದ ಮೇಲೆ ದರ್ಜಿ ಮೆಲ್ಲಗೆ ಕೇಳಿದ, "ಆ ಟೇಪು ಎಸೆದುಬಿಡ್ಲಾ?"

"ಬೇಡ ರೀ, ಜೋಪಾನವಾಗಿ ಇಟ್ಕೊಳ್ಳಿ. ಅದರಲ್ಲಿ ಅಳೆದ್ರೆ ನಿಮ್ಮ ಬುದ್ಧಿನೂ ಎರಡಿಂಚು ಜಾಸ್ತಿ ಬರುತ್ತೆ!"