ಹೊನ್ನೇಶನ ಎಡ ಹೊಳ್ಳೆ

ಬೆಳ್ಳಟ್ಟಿಯ ದೇವೇಂದ್ರಪ್ಪನವರ ಮನೆಯಿಂದ ಯಾರೇ ಹೊರಡಲಿ, ಮೊದಲು ಅವರ ಮೂಗಿನ ಕೆಳಗೆ ಚೂರು ಅರಳೆ ಹಿಡಿಯಬೇಕು. ಎಡ ಹೊಳ್ಳೆಯ ಉಸಿರಿಗೆ ಅರಳೆ ಅಲುಗಾಡಿದರೆ ಮದುವೆ ಮಾತಿಗೆ ಹೋಗಬಹುದು. ಬಲ ಹೊಳ್ಳೆಯಾದರೆ ಜಗಳಕ್ಕೆ, ಕೋರ್ಟಿಗೆ. ದೇವೇಂದ್ರಪ್ಪನವರ ತಂಗಿಯ ಮಗ, ಮಾವನ ಮನೆಯಲ್ಲೇ ಬೆಳೆದ ಹೊನ್ನೇಶನ ಕರ್ಮ ನೋಡಿ, ಅವನ ಎಡ ಹೊಳ್ಳೆ ಶುದ್ಧ ಸೋಮಾರಿ! ಮನೆಯ ಜಗಳಗಳಿಗೆಲ್ಲ ಅವನನ್ನೇ ಕಳಿಸುತ್ತಿದ್ದರು. ಹೆಣ್ಣು ನೋಡಲು ಮಾತ್ರ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ಈ ಸಲ ಸುಮ್ಮನೆ ಕೂತರೆ ಕೆಟ್ಟಂತೆಯೇ. ಡಂಬಳದ ವಾಣಿಶ್ರೀಯನ್ನು ಯಾರದೋ ಮದುವೆಯಲ್ಲಿ ನೋಡಿದಾಗಿನಿಂದ ಅವನಿಗೆ ರೊಟ್ಟಿ ಸೇರುತ್ತಿರಲಿಲ್ಲ. ಅವಳ ಅಪ್ಪ ಖಡಾಖಂಡಿತವಾಗಿ ಹೇಳಿಕಳಿಸಿದ್ದ: ಇವತ್ತು ಸಂಜೆಯೊಳಗೆ ಬಂದು ಮಾತಾಡಿ, ಇಲ್ಲವೇ ಬೇರೆ ಗಂಡು ನೋಡುತ್ತೇವೆ. ಬೆಳಿಗ್ಗೆ ಮಾವ ಅರಳೆ ಹಿಡಿದರು. ಎಡಕ್ಕೆ ಅದು ಮಿಸುಕಲಿಲ್ಲ.

"ಮಧ್ಯಾಹ್ನದ ಮಟಾ ತಡೀರಿ ಮಾವಾ," ಎಂದು ಹೊನ್ನೇಶ ಗದಗಿನ ಬಸ್ಸು ಹತ್ತಿಯೇಬಿಟ್ಟ.

ಮೂಗಿನ ಡಾಕ್ಟರ್ ಸುಶ್ಮಿತಾ ಬೆಳಕು ಬಿಟ್ಟು ಒಳಗೆ ಇಣುಕಿದರು. ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇರುತ್ತದೆ, ಮುಂದೆ ಮೆತ್ತನೆಯ ಎಲುಬು, ಹಿಂದೆ ಗಟ್ಟಿ ಎಲುಬು. ಮೂಗನ್ನು ಎತ್ತಿ ನಿಲ್ಲಿಸುವುದು, ಗಾಳಿಯನ್ನು ಎರಡು ದಾರಿಗೆ ಹಂಚುವುದು ಅದರ ಕೆಲಸ ಎಂದರು. ಚಿಕ್ಕಂದಿನಲ್ಲಿ ಲಗೋರಿ ಚೆಂಡು ಬಡಿದು ಅವನದು ಎಡಕ್ಕೆ ವಾಲಿತ್ತು.

"ಅಂದ್ರ ನನ್ನ ಹಣೇಬರಹ ಡೊಂಕಿಲ್ಲ, ಗೋಡಿ ಅಷ್ಟ ಡೊಂಕ ಐತೇನ್ರಿ?" ಹೊನ್ನೇಶ ಖುಷಿಗೆ ಎದ್ದೇ ನಿಂತ.

"ಆಪರೇಶನ್ ಮಾಡಿದ್ರ ನೆಟ್ಟಗಾಕ್ಕೈತಿ. ಸದ್ಯಕ್ಕ ಬಾವು ಇಳಿಯಾಕ ಹನಿ ಕೊಡ್ತೀನಿ. ಎಡಕ್ಕಷ್ಟ ಹಾಕೋರಿ. ಹೊಳ್ಳಿ ಪಾಳಿ ಮ್ಯಾಲ ಕಟ್ಟತಾವ, ಬಲದ್ದು ಇನ್ನ ಸ್ವಲ್ಪ ಹೊತ್ತಿಗೆ ತಾನಾಗೇ ಕಟ್ಟತೈತಿ."

ವಾಪಸು ಬರುವಾಗ ಪಕ್ಕದಲ್ಲಿ ಊರಿನ ಕಿರಾಣಿ ಅಂಗಡಿಯ ನಜೀರಸಾಬ ಕೂತಿದ್ದ. ಅವನಿಗೆ ಕತೆಯೆಲ್ಲ ಹೇಳದೆ ಹೊನ್ನೇಶನಿಗೆ ತಡೆಯಲಾಗಲಿಲ್ಲ.

"ಒಂದ ಎತ್ತಿಗೆ ಮೇವು ಹಾಕಿ ಇನ್ನೊಂದನ್ನ ಉಪಾಸ ಕೆಡವಿದ್ರ ಬಂಡಿ ಹೋಗತೈತೇನಪಾ? ಎರಡಕ್ಕೂ ಹಾಕು," ಎಂದ ನಜೀರಸಾಬ.

ಹೌದಲ್ಲ! ಹೊನ್ನೇಶ ತಲೆ ಎತ್ತಿದ. ಹಿಂದಿನ ಸೀಟಿನ ಮುದುಕಿಯೊಬ್ಬಳು ಕೇಳದೆಯೇ ಅವನ ಹಣೆ ಹಿಡಿದುಕೊಂಡಳು. ಬಸ್ಸು ತಗ್ಗಿಗೆ ಇಳಿದು ಮೊದಲ ಹನಿ ಕಣ್ಣಿಗೇ ಬಿತ್ತು. ಉಳಿದವು ಎರಡೂ ಹೊಳ್ಳೆಗಳಿಗೆ ಸರಿಯಾಗಿ ಇಳಿದವು. ಶಿರಹಟ್ಟಿ ಬರುವಷ್ಟರಲ್ಲಿ ಎಡ ಹೊಳ್ಳೆ ತೆರೆದುಕೊಂಡಿತು. "ಬಂತು, ಬಂತು!" ಎಂದು ಅವನು ಕೂಗಿದ್ದಕ್ಕೆ ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿ, ಇಳಿಯದ ಅವನನ್ನು ಚೆನ್ನಾಗಿ ಬೈದ.

ಮನೆಯಲ್ಲಿ ಮಾವ ಎಡಕ್ಕೆ ಅರಳೆ ಹಿಡಿದರು. ಹಾರಿಯೇಹೋಯಿತು! ಹೊನ್ನೇಶ ಚಪ್ಪಲಿಗೆ ಕಾಲು ಹಾಕಿದ. ಮಾವ ಸುಮ್ಮನಿರದೆ ಬಲಕ್ಕೂ ಹಿಡಿದರು. ಅಲ್ಲೂ ಹಾರಿತು. ಅವರು ಗಂಭೀರವಾಗಿ ಕೈಮುಗಿದರು.

"ಎರಡೂ ಸಮ ಆಡಾಕತ್ತಾವಲೇ ಹೊನ್ನ್ಯಾ. ಇದು ಯೋಗಿಗಳ ಉಸಿರು. ಈ ಹೊತ್ತಿನ್ಯಾಗ ಸಂಸಾರದ ಮಾತ ಎತ್ತಬಾರದು. ದೇವರ ಜಗಲಿ ಮುಂದ ಧ್ಯಾನಕ್ಕ ಕುಂಡ್ರು."

ಹನಿ, ಗೋಡೆ, ಡಾಕ್ಟರು ಎಂದು ಅವನು ಎಷ್ಟು ಬಡಕೊಂಡರೂ ಮಾವ ಕೇಳಲಿಲ್ಲ. ಆದರೆ ಡಂಬಳದವರಿಗೆ ಒಂದು ಮಾತು ಮುಟ್ಟಿಸಬೇಕಲ್ಲ? ತಮ್ಮ ಮಗ ವೀರುವಿನ ಮೂಗು ನೋಡಿದರು. ಎಡವೇ ಆಡುತ್ತಿತ್ತು. ನಾಳೆ ಬರುತ್ತೇವೆಂದು ಹೇಳಿ ಬಾ ಎಂದು ಅವನನ್ನು ಅಟ್ಟಿದರು.

ಸಂಜೆ ವೀರು ನಾಚುತ್ತಾ ಬಂದ. ಒಳ್ಳೆಯ ಗಳಿಗೆಯಲ್ಲಿ ಬಂದ ಹುಡುಗ ಎಂದು ವಾಣಿಶ್ರೀಯ ಅಪ್ಪ ಅವನನ್ನೇ ಒಪ್ಪಿದ್ದ. ಅವಳೂ ಹೂಂ ಅಂದಿದ್ದಳು. ಅಡುಗೆಮನೆಯಲ್ಲಿ ಅತ್ತೆ ಆಗಲೇ ಗೋಧಿ ಹುಗ್ಗಿಗೆ ಇಟ್ಟಳು. ಬೆಲ್ಲ, ಏಲಕ್ಕಿ, ತುಪ್ಪದ ವಾಸನೆ ದೇವರ ಜಗಲಿಯವರೆಗೂ ಬಂತು. ಬುದ್ಧಿ ಬಂದ ಮೇಲೆ ಮೊದಲ ಸಲ ಹೊನ್ನೇಶನ ಎರಡೂ ಹೊಳ್ಳೆಗಳಿಗೆ ಬಂತು.